ದಾಹಿಯ ಅಂಗಳದಲ್ಲಿ ಎರಡನೆಯ ಸೂಜಿ

ಕಬ್ಬಿನ ಗದ್ದೆ ದಾಟಿ ದಾಹಿಯ ಅಂಗಳಕ್ಕೆ ಕಾಲಿಟ್ಟೊಡನೆ ಬಿದ್ದ ಬಂದೂಕಿನ ಹಿಡಿಯೇಟು ಫರ್ಗಲಿಯ ಮಂಡಿಚಿಪ್ಪನ್ನು ಕಳಚಿಹಾಕಿತು. ನೆಲಕ್ಕುರುಳುವಾಗಲೂ ಅವನು ಎದೆಗವಚಿಕೊಂಡ ಮಂಜುಗಡ್ಡೆಯ ಪೆಟ್ಟಿಗೆಯನ್ನು ಬಿಡಲಿಲ್ಲ.

ಅವನು ಊರಿನ ಕೂಸುಗಳಿಗೆ ಲಸಿಕೆ ಚುಚ್ಚುವವನು. ದಾಹಿಯ ಅವಳಿ ಮಕ್ಕಳಿಗೂ ಕ್ಷಯದ ಲಸಿಕೆ ಹಾಕಿದ್ದ. ಇಬ್ಬರ ಕಂಕುಳಲ್ಲೂ ಗಡ್ಡೆ ಎದ್ದಿತು. ಗಂಡುಮಗು ಬದ್ರಿ ಕೀವು ಸುರಿಸುತ್ತಲೇ ಸತ್ತಿತು. ಮಣ್ಣು ಮಾಡಿದ ದಿನ ಸಂತಾಪ ಹೇಳಬಂದವರನ್ನೆಲ್ಲ ದಾಹಿ ಬಾಗಿಲಿಂದಲೇ ಹಿಂದಕ್ಕಟ್ಟಿದ. ನೈಲ್ ದಂಡೆಯ ಆ ಸೀಮೆಯಲ್ಲಿ ಅದಕ್ಕೆ ಒಂದೇ ಅರ್ಥ: ಇದು ಸಾವಲ್ಲ, ಕೊಲೆ, ಸೇಡು ತೀರಿದ ಮೇಲೆಯೇ ಶೋಕ. ಕೈರೋಗೆ ಓಡಿಹೋಗೆಂದು ಫರ್ಗಲಿಯ ಹೆಂಡತಿ ಕಾಲು ಹಿಡಿದಿದ್ದಳು. ಆದರೆ ಹೆಣ್ಣುಕೂಸು ಇನ್ನೂ ಉಸಿರಾಡುತ್ತಿತ್ತು. ಅದರ ಔಷಧ ಹೊತ್ತು ಆ ಅಂಗಳ ತುಳಿಯಲು ಬೇರಾರೂ ಒಪ್ಪಿರಲಿಲ್ಲ.

“ಅಬೂ ಬದ್ರಿ, ಒಂದು ಮಾತು ಕೇಳು.”

ಫರ್ಗಲಿಯ ಬಾಯಿ ತಪ್ಪಿತ್ತು. ತಂದೆಯನ್ನು ಮಗನ ಹೆಸರಿಂದ ಕರೆಯುವುದು ಅಲ್ಲಿಯ ಮರ್ಯಾದೆ; ಮಗನನ್ನು ಕೊಂದವನೆನಿಸಿಕೊಂಡವನ ಬಾಯಲ್ಲಿ ಅದು ಬೆಂಕಿ. ದಾಹಿ ಅವನ ಬಲಗೈಯನ್ನು ಬೀಸುಕಲ್ಲಿಗೆ ಒತ್ತಿ ಬಂದೂಕಿನ ಹಿಡಿಯಿಂದ ಜಜ್ಜಿದ. ಬೆರಳೆಲುಬುಗಳು ಒಣಕಡ್ಡಿಗಳಂತೆ ಮುರಿದವು.

“ಆ ಹೆಸರು ಹೇಳೋ ಬಾಯೇನೋ ಇದು? ಚುಚ್ಚಿದ ಕೈ ಆಯ್ತು. ಇನ್ನು ತಲೆ.”

ನಳಿಗೆ ಹಣೆಗೆ ಒತ್ತಿತು. ಅಸ್ಯೂತ್‌ನ ದೊಡ್ಡಾಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದನ್ನು ಫರ್ಗಲಿ ನರಳುತ್ತಲೇ ಒಪ್ಪಿಸಿದ. ಲಸಿಕೆಯಲ್ಲಿರುವುದು ಸೊರಗಿದ ರೋಗಾಣು. ಅದು ಒಳಹೊಕ್ಕಾಗ ರಕ್ತದ ಕಾವಲಿನ ಕಣಗಳು ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ದೂತನಂತೆ ಅಟ್ಟುತ್ತವೆ. ಆ ದೂತ ಬಂದು ತಟ್ಟಿದರಷ್ಟೇ ಉಳಿದ ಕಣಗಳೊಳಗೆ ಮಲಗಿದ್ದ ವಂಶವಾಹಿಗಳು ಎಚ್ಚೆತ್ತು, ರೋಗಾಣುವನ್ನು ಕೊಲ್ಲುವ ಆಯುಧ ಸಿದ್ಧವಾಗುತ್ತದೆ. ಈ ಅವಳಿಗಳ ಮೈಯಲ್ಲಿ ದೂತ ಸಾಕಷ್ಟು ಹುಟ್ಟುವುದೇ ಇಲ್ಲ. ಪೆಟ್ಟಿಗೆಯಲ್ಲಿ ತಂದಿರುವುದು ಅದನ್ನೇ.

“ಯಾಕೆ ಹುಟ್ಟಲ್ಲ?”

ಆ ಗಳಿಗೆಯಲ್ಲಿ ಫರ್ಗಲಿಗೆ ಸುಳ್ಳು ಹೊಳೆಯಲಿಲ್ಲ. “ತಾಯಿಯಿಂದ ಅರ್ಧ ದೋಷ, ತಂದೆಯಿಂದ ಅರ್ಧ. ನೀವಿಬ್ರೂ ಗಂಡಹೆಂಡತಿ ಅಣ್ಣತಮ್ಮಂದಿರ ಮಕ್ಕಳು. ಒಂದೇ ರಕ್ತ.”

ದಾಹಿಯ ಕಾಲು ಅವನ ಪಕ್ಕೆಗೆ ಅಪ್ಪಳಿಸಿತು. “ನನ್ನ ರಕ್ತಾನೇ ನನ್ನ ಮಗನ್ನ ತಿಂತು ಅಂತೀಯೇನೋ, ನಾಯಿ?”

ಬಂದೂಕಿನ ಕುದುರೆ ಕಟಕ್ಕೆಂದಿತು. ಅಷ್ಟರಲ್ಲಿ ದಾಹಿಯ ಹೆಂಡತಿ ರತೀಬಾ, ಕೆಂಡದಂತೆ ಸುಡುತ್ತಿದ್ದ ಕೂಸನ್ನು ಹೆಗಲಿಗೆ ಹಾಕಿಕೊಂಡು ನಡುವೆ ಬಂದು ನಿಂತಳು.

“ದೊಡ್ಡಪ್ಪನ ಮಗನೇ,” ಎಂದಳು ಗಂಡನಿಗೆ, ಆ ಸೀಮೆಯ ಹೆಂಡತಿಯರು ಕರೆಯುವ ವಾಡಿಕೆಯಂತೆ, “ಹೌದು ಅಂತಾನೇ ಇಟ್ಕೋ. ಕೊಂದೋರ ಜೀವ ಬೇಕಲ್ವಾ ನಿನಗೆ? ಮೊದಲು ನನಗೆ ಹೊಡಿ, ಆಮೇಲೆ ನೀನು ಹೊಡ್ಕೋ. ಇವನು ಇರ್ಲಿ. ಕೂಸಿಗೆ ಸೂಜಿ ಹಾಕೋಕೆ ಒಬ್ರಾದ್ರೂ ಬೇಕು.”

ದಾಹಿಯ ನಳಿಗೆ ಪಕ್ಕಕ್ಕೆ ಹೊರಳಿತು; ಗುಂಡು ಫರ್ಗಲಿಯ ಕಿವಿಯ ಅಂಚನ್ನು ಹರಿದು ಮಣ್ಣಿನ ಗೋಡೆಯಲ್ಲಿ ಹೂತಿತು.

“ಹಾಕು,” ಎಂದ ದಾಹಿ.

ಬಿಸಿ ನಳಿಗೆ ಫರ್ಗಲಿಯ ಕುತ್ತಿಗೆಗೆ ತಾಗಿಕೊಂಡೇ ಇತ್ತು. ಔಷಧದ ಸೀಸೆಯನ್ನು ರತೀಬಾ ಹಿಡಿದಳು. ಫರ್ಗಲಿ ಎಡಗೈಯಿಂದ ಸಿರಿಂಜಿಗೆ ಎಳೆದು ಕೂಸಿನ ತೊಡೆಗೆ ಚುಚ್ಚಿದ. ಕೂಸು ಚೀರಿತು. ಚೀರುವಷ್ಟು ಕಸುವು ಅದಕ್ಕೆ ಇನ್ನೂ ಇತ್ತು.

“ಇಂಥಾದ್ದು ಎಷ್ಟು?” ದಾಹಿ ಕೇಳಿದ.

“ವಾರಕ್ಕೆ ಮೂರು. ಬಹಳ ತಿಂಗಳು.”

ಗುಂಡಿನ ಸದ್ದಿಗೆ ದಾಹಿಯ ತಮ್ಮಂದಿರು ಕಬ್ಬು ಕಡಿಯುವ ಕತ್ತಿ ಹಿರಿದು ಓಡಿಬಂದರು. ದಾಹಿ ಬಂದೂಕಿಗೆ ಹೊಸ ತೋಟಾ ತುಂಬಿ, ಬಾಗಿಲಿಗೆ ಅಡ್ಡ ನಿಂತು, ನಳಿಗೆಯನ್ನು ಒಡಹುಟ್ಟಿದವರತ್ತಲೇ ತಿರುಗಿಸಿದ.

“ಇವನ ತಲೆ ನಂದು,” ಎಂದ. “ಮಗಳು ಎದ್ದು ಓಡಾಡೋ ತನಕ ಯಾವನೂ ಮುಟ್ಟಬಾರ್ದು.”