ಬಿಟ್ಟುಹೋದ ಶಾಸ್ತ್ರ

ಮಗಳಿಗೆ ವಿಶ್ವವಿದ್ಯಾಲಯದ ಪದಕ ಬಂದಿದೆ ಎಂಬ ಸುದ್ದಿ ಮುಟ್ಟಿದಾಗ ಬೀಗದಣ್ಣ ಒಂದು ಹೊಲಿಗೆ ಯಂತ್ರದ ಹೊಟ್ಟೆಯೊಳಗೆ ಕೈ ಹಾಕಿಕೊಂಡು ಕೂತಿದ್ದ. ಕೈ ಆಚೆ ತೆಗೆಯಲಿಲ್ಲ. ಒಳ್ಳೇದಾಯ್ತು ಎಂದ, ಅಷ್ಟೇ. ಆಮೇಲೆ ಒಂದೇ ತಿರುಪನ್ನು ಬಿಗಿ ಮಾಡಿದ, ಸಡಿಲ ಮಾಡಿದ, ಮತ್ತೆ ಬಿಗಿ ಮಾಡಿದ. ಹೆಂಡತಿ ಬಂದು ನೋಡಿದರೆ ಗಂಡನ ಕಣ್ಣಲ್ಲಿ ನೀರು. ಕಣ್ಣಿಗೆ ಎಣ್ಣೆ ಸಿಡಿಯಿತು ಎಂದ. ಎಣ್ಣೆಯ ಡಬ್ಬಿ ಅಟ್ಟದ ಮೇಲಿತ್ತು.

ಹೊಲಿಗೆ ಯಂತ್ರ ರಿಪೇರಿ ಮಾಡುವವನಿಗೆ ಬೀಗದಣ್ಣ ಎಂಬ ಹೆಸರೇಕೆ ಎಂದು ಯಾರಾದರೂ ಕೇಳಬಹುದು. ಮೊದಲು ಅವನ ಕಸುಬು ಬೀಗದ್ದೇ. ಅವನ ಕೈಗೆ ಬಗ್ಗದ ಬೀಗ ಆ ಪೇಟೆಯಲ್ಲಿ ಇರಲಿಲ್ಲ. ಹೊಟ್ಟೆ ತುಂಬಿಸಿದ್ದೂ ಅದೇ ಕೈಚಳಕ, ಹಾಳು ಮಾಡಿದ್ದೂ ಅದೇ. ಗೆಳೆಯನೊಬ್ಬ ಬಂದು ಗೋದಾಮಿನ ಬೀಗ ತೆಗೆದುಕೊಡು ಎಂದ. ಗೋದಾಮು ಗೆಳೆಯನದಲ್ಲ ಎಂದು ಚೆನ್ನಾಗಿ ಗೊತ್ತಿದ್ದೂ ಇವನು ತೆಗೆದುಕೊಟ್ಟ. ಪಾಪದವನನ್ನು ಸುಳ್ಳು ಕೇಸಿನಲ್ಲಿ ಸಿಕ್ಕಿಸಿದರು ಎಂಬ ಕತೆ ಇದಲ್ಲ. ತಪ್ಪು ಮಾಡಿದ, ಸಿಕ್ಕಿಬಿದ್ದ, ಮೂರು ವರ್ಷ ಜೈಲಿನಲ್ಲಿದ್ದು ಬಂದ. ಮಾಡಿದ್ದುಣ್ಣೋ ಮಹಾರಾಯ.

ಬಂದ ಮೇಲೆ ಅವನ ಕೈಗೆ ಬೀಗ ಕೊಡುವ ಧೈರ್ಯ ಯಾರಿಗಿದ್ದೀತು? ಹೆಂಡತಿ ಹೊಲಿಗೆಯವಳು. ಅವಳ ಕೆಟ್ಟ ಯಂತ್ರದಿಂದಲೇ ಹೊಸ ಕಸುಬು ಶುರುವಾಯಿತು. ಹೆಸರು ಮಾತ್ರ ಹಳೆಯದೇ ಉಳಿಯಿತು, ಕೂಗುವ ಧಾಟಿ ಬದಲಾಯಿತು. ‘ಬೀಗದಣ್ಣ’ ಎಂದವರ ಕೈ ತಮಗೆ ತಿಳಿಯದಂತೆ ಜೇಬಿನ ಬೀಗದಕೈಯ ಮೇಲೆ ಹೋಗುತ್ತಿತ್ತು. ಇವನೇನು ಕಡಿಮೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗಾಗಿತ್ತು ಇವನ ಬಾಳು. ಪಕ್ಕದ ಬೀದಿಯಲ್ಲಿ ಬೆಕ್ಕು ಕಳೆದುಹೋದರೂ ನಿನ್ನೆ ನಾನು ಮನೆಯಲ್ಲೇ ಇದ್ದೆ ಎಂದು ಕೇಳದವರಿಗೂ ಹೇಳಿಕೊಂಡು ಬರುತ್ತಿದ್ದ. ನಾಲ್ಕು ಜನ ಸೇರುವ ಜಾಗಕ್ಕೆ ಹೋಗುವುದನ್ನೇ ಬಿಟ್ಟ. ಮಗಳ ಶಾಲೆಯ ಸಭೆ, ಆಟ, ನಾಟಕ ಎಲ್ಲಕ್ಕೂ ತಾಯಿಯೇ. ಆ ಮಗು ಅದೆಷ್ಟು ಸಲ ಬಾಗಿಲ ಕಡೆ ನೋಡಿತ್ತೋ, ತಾಯಿ ಒಂದು ದಿನವೂ ಅದನ್ನು ಗಂಡನಿಗೆ ಹೇಳಲಿಲ್ಲ.

ಅಂಥವನ ಮಗಳು ಸಮಾಜಶಾಸ್ತ್ರ ಮತ್ತು ಅಪರಾಧಶಾಸ್ತ್ರ ಓದುತ್ತೇನೆ ಎಂದಾಗ ತಾಯಿ ಗಂಡನ ಮುಖ ನೋಡಿದಳು, ಗಂಡ ಗೋಡೆ ನೋಡಿದ. ಹುಡುಗಿ ಹಟದವಳು, ಓದಿಯೇ ಓದಿದಳು. ಜೈಲಿನಿಂದ ಬಿಡುಗಡೆಯಾದವರ ಮನೆಮನೆಗೆ ಹೋಗಿ, ಅವರಿಗೆ ಬಾಡಿಗೆ ಮನೆ ಕೊಡುವವರು ಯಾರು, ಕೊಡದವರು ಯಾರು, ನೆಂಟರು ಯಾವಾಗ ಮಾತು ಬಿಟ್ಟರು, ಯಾವಾಗ ಹಿಡಿದರು ಎಂದು ಕೇಳಿಕೊಂಡು ಬರುತ್ತಿದ್ದಳು. ಅಪ್ಪನನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಸ್ವಂತ ಮನೆಯವರ ಮೇಲೆ ಅಧ್ಯಯನ ಮಾಡಬಾರದೆಂದು ಮೇಷ್ಟ್ರು ಕಟ್ಟುನಿಟ್ಟು ಮಾಡಿದ್ದರಂತೆ. ಬೀಗದಣ್ಣನಿಗೆ ಅದರಿಂದ ಹೊಟ್ಟೆಗೆ ಹಾಲು ಹೊಯ್ದಷ್ಟು ಸಮಾಧಾನ. ಜೊತೆಗೆ, ಊರಿನ ಕಳ್ಳರನ್ನೆಲ್ಲ ಮಾತಾಡಿಸುತ್ತಾಳೆ, ಮನೆಯ ಕಳ್ಳನೇನು ಪಾಪ ಮಾಡಿದ್ದ ಎಂಬ ಸಣ್ಣ ಮುನಿಸೂ ಇತ್ತು.

ಈಗ ಪದಕ ಬಂದಿತ್ತು. ಅಪ್ಪ ಬರಲೇಬೇಕು ಎಂದು ಮಗಳು ಪಟ್ಟು ಹಿಡಿದಳು. ಎರಡು ದಿನ ನೆಪ ಹುಡುಕಿ ಸಾಕಾದ ಮೇಲೆ ಅವನು ಒಪ್ಪಿದ, ಆದರೆ ಒಂದು ಷರತ್ತು ಹಾಕಿದ.

“ಹಿಂದಿನ ಸಾಲಲ್ಲಿ ಕೂತ್ಕೊಂಡು ನೋಡ್ಕೊಂಡು ಬರ್ತೀನಿ. ನನ್ನನ್ನ ಯಾರಿಗೂ ತೋರಿಸ್ಬೇಡ, ನನ್ನ ವಿಷಯ ಎತ್ಬೇಡ. ಅವತ್ತೊಂದಿನ ನೀನು ನನ್ನ ಮಗಳಲ್ಲ.”

ಮಗಳು ಆಯ್ತಪ್ಪ ಎಂದಳು. ತಾಯಿಗೆ ಮಾತ್ರ ಮೈಯೆಲ್ಲ ಉರಿದುಹೋಯಿತು. ಕರೆಯದ ಮದುವೆ ಊಟಕ್ಕೆ ನುಗ್ಗುವವರೂ ಇಷ್ಟು ಹೆದರುವುದಿಲ್ಲ, ಕರೆದ ಸಭೆಗೆ ಕಳ್ಳನ ಹಾಗೆ ಹೋಗುವವರು ನೀವೊಬ್ಬರೇ ಎಂದು ಇಡೀ ಸಂಜೆ ಪಾತ್ರೆ ಕುಕ್ಕಿದಳು.

ಸಭಾಂಗಣ ದೊಡ್ಡದು. ನೀಲಿ ಪರದೆ, ಹೂವಿನ ಕುಂಡಗಳು, ಗಂಟಲು ಕೆಟ್ಟವರ ಹಾಗೆ ಕೆಮ್ಮುವ ಮೈಕು. ಬೀಗದಣ್ಣ ಇಸ್ತ್ರಿ ಮಾಡಿದ ಕೋಟು ತೊಟ್ಟು, ಬೆರಳ ಸಂದಿಯ ಎಣ್ಣೆಯನ್ನು ತಿಕ್ಕಿ ತಿಕ್ಕಿ ತೊಳೆದು ಬಂದಿದ್ದ. ಹಿಂದಿನ ಸಾಲಿನಲ್ಲಿ ಬಾಗಿಲಿಗೆ ಹತ್ತಿರವಾದ ಕುರ್ಚಿಯನ್ನೇ ಆರಿಸಿದ, ಹೆಂಡತಿ ಪಕ್ಕದಲ್ಲಿ ಕೂತಳು. ವೇದಿಕೆಯ ಮೇಲೆ ಮುಖ್ಯ ಅತಿಥಿಯಾಗಿ ಕೂತಿದ್ದವರು ನಿವೃತ್ತ ನ್ಯಾಯಾಧೀಶೆ ಎಂದು ಗೊತ್ತಾದದ್ದೇ ತಡ, ಅವನ ಕಣ್ಣು ಬಾಗಿಲ ಕಡೆ ಹೋಯಿತು. ಸಾಲದ್ದಕ್ಕೆ, ಅವನದೇ ಬೀದಿಯ ಎದುರುಮನೆಯಾಕೆ ಬಂದು ಸರಿಯಾಗಿ ಅವನ ಮುಂದಿನ ಸಾಲಿನಲ್ಲೇ ಕೂತಳು. ಅವಳ ಅಣ್ಣನ ಮಗನಿಗೂ ಎಂಥದೋ ಪ್ರಮಾಣಪತ್ರವಿತ್ತು. ಹಿಂದೆ ತಿರುಗಿ ಇವನನ್ನು ನೋಡಿ, ಓಹೋ ನೀವೂ ಬಂದ್ರಾ ಎಂದು ನಕ್ಕು, ಕೈಚೀಲವನ್ನು ಕುರ್ಚಿಯ ಪಕ್ಕದಿಂದ ಎತ್ತಿ ಮಡಿಲಿಗೆ ಹಾಕಿಕೊಂಡಳು.

ಬಹುಮಾನಗಳನ್ನು ಕೂಗುತ್ತಿದ್ದವರು ಸಮಾಜಶಾಸ್ತ್ರದ ಮೇಷ್ಟ್ರು. ಮೈಕು ಕಂಡರೆ ಬಿಡದವರಾದ್ದರಿಂದ ವಿದ್ಯಾರ್ಥಿಗಳ ಬಾಯಲ್ಲಿ ಅವರು ಮೈಕ್ ಮೇಷ್ಟ್ರು. ಸಮಾಜಶಾಸ್ತ್ರ, ಅಪರಾಧಶಾಸ್ತ್ರ ಎಂಬ ಆ ಎರಡು ವಿಭಾಗಗಳಲ್ಲಿ ಒಂದು ಅಭ್ಯಾಸವಿತ್ತು. ಅಷ್ಟುದ್ದದ ಹೆಸರನ್ನು ದಿನಾ ಪೂರ್ತಿ ಹೇಳುವ ತಾಳ್ಮೆ ಯಾರಿಗೂ ಇಲ್ಲದೆ, ಎಲ್ಲರೂ ಶಾಸ್ತ್ರವನ್ನು ಕತ್ತರಿಸಿ ಒಗೆದಿದ್ದರು. ನೀನ್ಯಾವ ವಿಭಾಗ ಎಂದರೆ ಒಬ್ಬ ಸಮಾಜ ಎನ್ನುತ್ತಿದ್ದ, ಇನ್ನೊಬ್ಬ ಅಪರಾಧ ಎನ್ನುತ್ತಿದ್ದ. ‘ಅಪರಾಧ ಎರಡನೇ ವರ್ಷದವರು ಒಳಗೆ ಬನ್ನಿ’ ಎಂದು ಜವಾನ ಕೂಗಿದರೆ ಅಲ್ಲಿ ಯಾರಿಗೂ ನಗು ಬರುತ್ತಿರಲಿಲ್ಲ. ಹೊರಗಿನವರು ತುಂಬಿದ ಸಭೆಯಲ್ಲೂ ಮೈಕ್ ಮೇಷ್ಟ್ರ ಬಾಯಲ್ಲಿ ಅದೇ ಉರುಳಿತು.

“ಸಮಾಜದಲ್ಲೂ ಈ ಹುಡುಗಿಯೇ ಮೊದಲು, ಅಪರಾಧದಲ್ಲೂ ಈ ಹುಡುಗಿಯೇ ಮೊದಲು. ಅಪರಾಧದಲ್ಲಿ ಇಷ್ಟು ಮುಂದೆ ಹೋದವರನ್ನು ನಮ್ಮ ವಿಶ್ವವಿದ್ಯಾಲಯ ಇಲ್ಲಿಯವರೆಗೆ ಕಂಡಿಲ್ಲ.”

ಸಭೆ ಗೊಳ್ಳೆಂದು ನಕ್ಕಿತು. ಅದು ಬರೀ ತಮಾಷೆಯ ನಗು, ಅದರಲ್ಲಿ ವಿಷವಿರಲಿಲ್ಲ. ಆದರೆ ಎದುರುಮನೆಯಾಕೆ ಪಕ್ಕದವಳ ಕಿವಿಗೆ ಬಗ್ಗಿ, ಸುತ್ತಲಿನವರಿಗೆಲ್ಲ ಕೇಳಿಸುವಂಥ ಪಿಸುಮಾತಿನಲ್ಲಿ, “ಸುಮ್ನೆ ಬರುತ್ತಾ? ಮನೇಲೇ ಪಾಠ ಆಗಿದ್ಯಲ್ಲ” ಎಂದಳು. ಏನಂತೆ, ಏನಂತೆ ಎಂದು ತಲೆಗಳು ತಿರುಗಿದವು. ನಗು ಹಿಂದಿನ ಸಾಲುಗಳಲ್ಲಿ ಎರಡನೇ ಸಲ ಎದ್ದಿತು, ಈ ಸಲ ವಿಷವಿತ್ತು.

ಮಗಳು ವೇದಿಕೆಯ ಮಧ್ಯದಲ್ಲಿ ನಿಂತಿದ್ದಳು. ಮುಖದಲ್ಲಿದ್ದ ನಗು ಅರ್ಧಕ್ಕೇ ನಿಂತುಹೋಗಿತ್ತು. ಹಿಂದಿನ ಸಾಲಿನ ಕಡೆ ಒಂದು ಗಳಿಗೆ ನೋಡಿದಳು. ತಕ್ಷಣ ಕೊಟ್ಟ ಮಾತು ನೆನಪಾಗಿ ಕಣ್ಣನ್ನು ನೆಲಕ್ಕಿಳಿಸಿದಳು. ಅಪ್ಪನನ್ನು ಕಾಯಲು ಅವಳು ಹಾಗೆ ತಲೆ ತಗ್ಗಿಸಿದ್ದು ಬೀಗದಣ್ಣನಿಗೆ ಚೂರಿ ಹಾಕಿದಂತಾಯಿತು. ತಗ್ಗಿಸಬೇಕಾದ ತಲೆ ಅವಳದಾಗಿರಲಿಲ್ಲ.

ಅವನು ಎದ್ದ. ಹೊರಗೆ ಓಡುತ್ತಿದ್ದಾನೆಂದು ಹೆಂಡತಿ ಕೋಟಿನ ತುದಿ ಹಿಡಿದಳು. ಅವನು ಅದನ್ನು ಮೆಲ್ಲಗೆ ಬಿಡಿಸಿಕೊಂಡು, ಬಾಗಿಲಿಗೆ ಬೆನ್ನು ಮಾಡಿ, ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಪಳಗಿದ ಗಂಟಲಿನಲ್ಲಿ ಹೇಳಿದ.

“ಮೇಷ್ಟ್ರೇ, ಒಂದು ತಿದ್ದುಪಡಿ ಇದೆ. ಅಪರಾಧ ನಂದು. ಮೂರು ವರ್ಷ ಜೈಲಲ್ಲಿದ್ದು ಬಂದೋನು ನಾನು, ಆ ಹುಡುಗಿ ಅಪ್ಪ. ಶಾಸ್ತ್ರ ಮಾತ್ರ ಅವಳದು, ಕಷ್ಟಪಟ್ಟು ಅವಳೇ ಸಂಪಾದಿಸಿದ್ದು. ನೀವು ಅದೊಂದನ್ನ ಬಿಟ್ಬಿಟ್ರಿ. ದಯವಿಟ್ಟು ಸೇರಿಸಿ ಓದಿ.”

ಮೈಕ್ ಮೇಷ್ಟ್ರು ಜೀವಮಾನದಲ್ಲಿ ಮೊದಲ ಸಲ ಮೈಕಿನಿಂದ ಹಿಂದೆ ಸರಿದರು. ಆಗ ಮೊದಲು ನಕ್ಕವರು ನ್ಯಾಯಾಧೀಶೆ. ತಲೆ ಹಿಂದಕ್ಕೆ ಹಾಕಿ, ಮನಸಾರೆ ನಕ್ಕು, ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅವರ ಹಿಂದೆಯೇ ಮೇಷ್ಟ್ರುಗಳು ಎದ್ದರು, ವಿದ್ಯಾರ್ಥಿಗಳು ಎದ್ದರು, ಕುರ್ಚಿಗಳು ಕಿರುಗುಟ್ಟಿದವು. ಮುಂದಿನವರೆಲ್ಲ ಎದ್ದ ಮೇಲೆ ಎದುರುಮನೆಯಾಕೆಯೂ ಏಳಬೇಕಾಯಿತು, ಕೂತಿದ್ದರೆ ಅವಳಿಗೆ ಏನೂ ಕಾಣುವಂತಿರಲಿಲ್ಲ. ಮೈಕ್ ಮೇಷ್ಟ್ರು ಸುಧಾರಿಸಿಕೊಂಡು, “ಅಪರಾಧಶಾಸ್ತ್ರ” ಎಂದು ಒಂದೊಂದು ಅಕ್ಷರವನ್ನೂ ಬಿಡಿಸಿ, ಹೊಸದಾಗಿ ಕಲಿತವರ ಹಾಗೆ ಓದಿದರು.

ನ್ಯಾಯಾಧೀಶೆ ಅವನನ್ನು ವೇದಿಕೆಗೆ ಕರೆದರು. ಹಿಂದೊಮ್ಮೆ ಇಂಥವರ ಎದುರು ನಿಂತಾಗ ಅವನಿಗೆ ಕಂಡಿದ್ದು ತನ್ನ ಚಪ್ಪಲಿ ಮಾತ್ರ. ಈ ಸಲ ಮುಖ ನೋಡಿದ. ಅವರು ಪದಕವನ್ನು ಅವನ ಕೈಗೇ ಕೊಟ್ಟು, ನೀವೇ ಹಾಕಿ ಎಂದರು. ಎಂಥ ಬೀಗವನ್ನೂ ಬಗ್ಗಿಸಿದ್ದ ಬೆರಳುಗಳಿಂದಲೇ ಅವನು ಮಗಳ ಕೊರಳಿಗೆ ಪದಕದ ಪಟ್ಟಿ ಹಾಕಿದ. ಸಂತೋಷ ಅವನ ಎದೆಯಲ್ಲಿ ಹಿಡಿಸುತ್ತಿರಲಿಲ್ಲ.

ಮಗಳು ಮೈಕಿನ ಮುಂದೆ ನಿಂತಳು. ಬಿಡುಗಡೆಯಾದವರನ್ನೆಲ್ಲ ತಾನು ಕೊನೆಯಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದೆ ಎಂದಳು. ನೀವು ಹೊರಗೆ ಬಂದದ್ದು ಯಾವತ್ತು? ಜೈಲಿನವರು ಕೊಟ್ಟ ತಾರೀಕನ್ನು ಹೇಳಿದವರು ಕಡಿಮೆಯಂತೆ. ಅತ್ತೆ ನನ್ನ ಕೈಗೆ ಮಗುವನ್ನು ಕೊಟ್ಟ ದಿನ ಎಂದಿದ್ದಳು ಒಬ್ಬಳು. ಅಂಗಡಿಯವನು ನನ್ನನ್ನು ಗಲ್ಲಾದ ಹತ್ತಿರ ಒಬ್ಬನೇ ಬಿಟ್ಟು ಊಟಕ್ಕೆ ಹೋದ ದಿನ ಎಂದಿದ್ದ ಇನ್ನೊಬ್ಬ. ಇನ್ನೂ ಬಂದಿಲ್ಲ ಎಂದವರೇ ಹೆಚ್ಚು. ಜೈಲಿನ ಬಾಗಿಲು ತೆಗೆಯುವುದು ಸರ್ಕಾರ, ಉಳಿದ ಬಾಗಿಲು ತೆಗೆಯಬೇಕಾದವರು ನಾವು ಎಂಬುದೇ ತನ್ನ ಅಧ್ಯಯನದ ಸಾರ ಎಂದು ಹೇಳಿ, ಅವಳು ಪಕ್ಕಕ್ಕೆ ತಿರುಗಿದಳು.

“ಮನೆಯವರನ್ನ ಕೇಳಬಾರದು ಅಂತ ನಿಯಮ ಇತ್ತು. ಈಗ ಪದಕ ಬಂದಾಯ್ತು, ಇನ್ನು ನಿಯಮ ಮುರಿದ್ರೆ ಯಾರೂ ಕಿತ್ಕೊಳ್ಳಲ್ಲ. ಅಪ್ಪ, ನೀನು ಹೊರಗೆ ಬಂದಿದ್ದು ಯಾವತ್ತು?”

ಬೀಗದಣ್ಣ ತುಂಬಿದ ಸಭೆಯನ್ನು ನೋಡಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು, ಯಾರ ಕೈಯೂ ಜೇಬಿನ ಮೇಲಿರಲಿಲ್ಲ.

“ಇವತ್ತು ಅಂತ ಬರ್ಕೋ” ಎಂದ.

ಹಿಂದಿನ ಸಾಲಿನಲ್ಲಿ ಅವನ ಹೆಂಡತಿ ಕರವಸ್ತ್ರ ಸಿಗದೆ ಅಂಗೈಯಿಂದಲೇ ಕಣ್ಣೊರೆಸಿಕೊಂಡು, “ಸದ್ಯ, ಬಂದ್ರಲ್ಲ” ಎಂದಳು.