ಹಾಲಿಗೂ ಹಣ್ಣಿಗೂ ನಡುವೆ ಮೂರು ಗಂಟೆ

ಗಡಿಯಾರ ರಿಪೇರಿಯವನಿಗೆ ಇದ್ದದ್ದು ಒಂದೇ ಚಟ. ಮಧ್ಯಾಹ್ನ ಅಂಗಡಿಯಲ್ಲಿ ಒಂದು ಲೋಟ ತಣ್ಣನೆಯ ಹಾಲು, ಜೊತೆಗೆ ಎರಡು ಬಾಳೆಹಣ್ಣು. ಅವನಿಗೆ ಇದ್ದದ್ದು ಒಬ್ಬಳೇ ಅಕ್ಕ, ಆಕೆ ಆಯುರ್ವೇದದ ವೈದ್ಯೆ. ಗ್ರಹಚಾರ ನೋಡಿ! ಹಾಲು ಬಾಳೆಹಣ್ಣು ವಿರುದ್ಧಾಹಾರ, ಎರಡೂ ಒಟ್ಟಿಗೆ ಹೋದರೆ ಜಠರಾಗ್ನಿ ಮಂದವಾಗಿ ತಿಂದದ್ದು ಅರಗುವುದಿಲ್ಲ, ನಡುವೆ ಮೂರು ಗಂಟೆಯಾದರೂ ಬಿಡಬೇಕು ಎಂದು ಆಕೆಯ ಕಟ್ಟಪ್ಪಣೆ.

ಬರೀ ಅಪ್ಪಣೆಯಾಗಿದ್ದರೆ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಿದ್ದ. ಕಳೆದ ತಿಂಗಳು ಹೊಟ್ಟೆ ಕೆಟ್ಟು ಮಲಗಿದ್ದಾಗ ಅಕ್ಕ ಬಂದು ಗುಡುಗಿದ್ದಳು. "ಇನ್ನೊಂದ್ಸಲ ಸಿಕ್ಕಿಬಿದ್ದೆ ಅಂದ್ರೆ ಗಂಟುಮೂಟೆ ಕಟ್ಕೊಂಡು ನಿಮ್ಮನೆಗೇ ಬಂದ್ಬಿಡ್ತೀನಿ. ಮೂರು ಹೊತ್ತೂ ನಾನೇ ಅಡುಗೆ ಮಾಡಿ ಹಾಕ್ತೀನಿ, ನೋಡ್ಕೋ."

ಅಕ್ಕನ ಅಡುಗೆಯನ್ನು ಅವನು ಬಲ್ಲ. ಉಪ್ಪಿಲ್ಲ, ಹುಳಿಯಿಲ್ಲ, ಖಾರದ ಸುಳಿವೇ ಇಲ್ಲ. ಅವನ ಹೆಂಡತಿಯಂತೂ, "ಅವರು ಬಂದ ದಿನ ನಾನು ತವರಿಗೆ ಹೊರಟೆ ಅಂತಾನೇ ತಿಳ್ಕೊಳ್ಳಿ" ಎಂದುಬಿಟ್ಟಿದ್ದಳು.

ಆದರೆ ನಾಲಿಗೆ ಕೇಳಬೇಕಲ್ಲ! ಪುಣ್ಯಕ್ಕೆ ಅಂಗಡಿಯ ಗೋಡೆ ತುಂಬಾ ರಿಪೇರಿಗೆ ಬಂದ, ನಿಂತುಹೋದ ಗಡಿಯಾರಗಳು, ಒಂದೊಂದರಲ್ಲೂ ಒಂದೊಂದು ಸಮಯ. ಒಂದು ಗಂಟೆ ತೋರಿಸುವ ಗಡಿಯಾರಕ್ಕೆ ಮುಖ ಮಾಡಿ ಹಾಲು ಕುಡಿಯುತ್ತಿದ್ದ. ಸ್ಟೂಲಿನ ಮೇಲೇ ತಿರುಗಿ ಎದುರು ಗೋಡೆ ನೋಡಿದರೆ ನಾಲ್ಕೂಕಾಲು. ಮೂರು ಗಂಟೆ ಕಳೆದು ಮೇಲೆ ಕಾಲು ಗಂಟೆ! ನಿಶ್ಚಿಂತೆಯಿಂದ ಸಿಪ್ಪೆ ಸುಲಿಯುತ್ತಿದ್ದ. ತಿಂಗಳಿಡೀ ಹೊಟ್ಟೆಯೂ ತಕರಾರು ತೆಗೆಯಲಿಲ್ಲ.

ಹೀಗೆ ಒಂದು ದಿನ ಹಾಲು ಮುಗಿಸಿ ಹಣ್ಣಿಗೆ ಬಾಯಿ ಹಾಕಿದ್ದಾನೆ, ಬಾಗಿಲಲ್ಲಿ ಅಕ್ಕ!

"ಏನೋ ಅದು?"

"ಹಣ್ಣು ಅಕ್ಕ."

"ಮೀಸೆ ಮೇಲೇನು?"

"ಹಾಲು. ಆದ್ರೆ ಅದು ಒಂದು ಗಂಟೆದು. ಈಗ ನಾಲ್ಕೂಕಾಲು, ಬೇಕಿದ್ರೆ ನೀನೇ ನೋಡು" ಎಂದು ತೊದಲುತ್ತಾ ಎರಡೂ ಗಡಿಯಾರ ತೋರಿಸಿದ.

ಅಕ್ಕ ಈ ಗೋಡೆ ನೋಡಿದಳು, ಆ ಗೋಡೆ ನೋಡಿದಳು. ಆಮೇಲೆ ಉಳಿದಿದ್ದ ಇನ್ನೊಂದು ಹಣ್ಣನ್ನು ನೋಡಿದಳು. ಬೈಗುಳಕ್ಕೆ ಅವನು ಕಣ್ಣು ಮುಚ್ಚಿ ಕೂತ. ಬೈಗುಳ ಬರಲಿಲ್ಲ.

"ನಾನೂ ಈಗ ತಾನೇ ಹಾಲು ಕುಡಿದು ಬಂದೆ" ಎಂದಳು ಅಕ್ಕ ಮೆಲ್ಲಗೆ. "ಮೂವತ್ತು ವರ್ಷದಿಂದ ಹೀಗೇ ಕಣೋ. ಹಾಲು ಕುಡಿಯೋದು, ಹಣ್ಣು ನೋಡ್ತಾ ಗಂಟೆ ಎಣಿಸೋದು. ಎಷ್ಟು ಅಂದೆ ಅಲ್ಲಿ?"

"ನಾಲ್ಕೂಕಾಲು."

ಅಕ್ಕ ಸ್ಟೂಲು ಎಳೆದು ಆ ಗಡಿಯಾರದ ಎದುರೇ ಕೂತು ಹಣ್ಣನ್ನು ಮೂರೇ ತುತ್ತಿಗೆ ಮುಗಿಸಿದಳು. ಅವನಿಗೆ ಅಯ್ಯೋ ಅನ್ನಿಸಿತು. ತನ್ನ ಕೈಯಲ್ಲಿದ್ದ ಅರ್ಧವನ್ನೂ ಕೊಟ್ಟ.

"ನಾಳೆನೇ ನಿಮ್ಮನೆಗೆ ಬರ್ತೀನಿ" ಎಂದಳು ಅಕ್ಕ, ಅದನ್ನೂ ನುಂಗಿ.

ಅವನು ದಡಬಡ ಎದ್ದು ನಿಂತ. "ಅಕ್ಕಾ, ಅಡುಗೆ..."

"ನಿನ್ನ ಹೆಂಡತೀನೇ ಮಾಡ್ಲಿ ಕಣೋ. ಉಪ್ಪು, ಹುಳಿ, ಖಾರ ಎಲ್ಲಾ ಹಾಕಿ" ಎಂದಳು ಅಕ್ಕ, ಬಾಯಿ ಒರೆಸಿಕೊಳ್ಳುತ್ತಾ. "ನಾನು ಮಾಡಿದ್ದು ನಂಗೇ ಯಾವತ್ತೂ ಸೇರಿಲ್ಲ."