ನಾಲ್ಕನೇ ಭಾಗದ ಬುತ್ತಿ

ಆರನೇ ಭಾಗ ಚೆನ್ನಾಗಿದೆ ಎನ್ನುವವರ ಜೊತೆ ನಾನು ಚಹಾ ಸಹ ಕುಡಿಯುವುದಿಲ್ಲ. ಅದು ಜಪಾನಿನ ಗೂಂಡಾಗಳ ವಿಡಿಯೋ ಆಟ. ಮೊದಲ ಐದು ಭಾಗಗಳಲ್ಲಿ ಆಟದ ನಾಯಕ ನಮ್ಮ ಇಸಾಮು ಓಣಿಯಲ್ಲಿ ಕಾಲಿಟ್ಟರೆ ಹತ್ತು ಜನ ಒಟ್ಟಿಗೇ ಮೈಮೇಲೆ ಬೀಳುತ್ತಿದ್ದರು, ಅವನು ಕೈಗೆ ಸಿಕ್ಕ ಸೈಕಲ್ ಎತ್ತಿ ಬೀಸುತ್ತಿದ್ದ. ಆರನೆಯದರಲ್ಲಿ ಏನು ಮಾಡಿಟ್ಟಿದ್ದಾರೆ? ಇವನು ಒಂದೇಟು ಹೊಡೆದು ನಿಲ್ಲಬೇಕು, ಆಮೇಲೆ ಎದುರಿನವನು ಹೊಡೆಯಬೇಕು, ಉಳಿದ ಗೂಂಡಾಗಳೆಲ್ಲ ರೇಷನ್ ಅಂಗಡಿಯ ಮುಂದೆ ನಿಂತ ಹಾಗೆ ಪಾಳಿ ಹಚ್ಚಿ ನಿಲ್ಲಬೇಕು. ಇದಕ್ಕೆ ಹೊಡೆದಾಟ ಎನ್ನುತ್ತಾರೆಯೇ? ನಮ್ಮ ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಸೀಟಿಗಾಗಿ ಇದಕ್ಕಿಂತ ಚಲೋ ಹೊಡೆದಾಟ ನಡೆಯುತ್ತದೆ.

ನನ್ನ ಹೆಸರು ವಿರೂಪಾಕ್ಷ. ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿ ಇಟ್ಟಿದ್ದೇನೆ. ಆ ಆಟದ ಜಪಾನಿ ಹೆಸರು ನಾಲಿಗೆಗೆ ಹೊರಳುವುದಿಲ್ಲವೆಂದು ನಾನೂ ಗೆಳೆಯ ಅನಿಕೇತನೂ ಅದನ್ನು ‘ಕೆಂಪು ಓಣಿ’ ಎಂದೇ ಕರೆದೆವು. ಆರೂ ಭಾಗಗಳನ್ನು ಅವನ ಮನೆಯಲ್ಲೇ ಆಡಿದ್ದು. ನನಗೆ ಇಂಗ್ಲಿಷ್ ಅಕ್ಷರ ಗೊತ್ತು, ಬೇರಿಂಗಿನ ಡಬ್ಬಿ ಓದುತ್ತೇನೆ. ಆದರೆ ಪರದೆಯ ಕೆಳಗೆ ಓಡುವ ಸಾಲುಗಳು ನಾನು ಮೊದಲ ಶಬ್ದ ಕೂಡಿಸುವಷ್ಟರಲ್ಲಿ ಮಾಯವಾಗುತ್ತವೆ. ಅನಿಕೇತನ ಅಜ್ಜ ದಿಗಂಬರಪ್ಪನವರು ಶ್ರಾವಣದಲ್ಲಿ ಪುರಾಣ ಹೇಳುತ್ತಿದ್ದವರು. ಒಬ್ಬರು ಪದ್ಯ ಓದಿದರೆ ಅಜ್ಜ ಅರ್ಥ ಹೇಳುವರು. ನಮ್ಮದೂ ಅದೇ ಪದ್ಧತಿಯಾಯಿತು. ಜಪಾನಿನವರು ಮಾತಾಡುವರು, ಅನಿಕೇತ ಅರ್ಥ ಹೇಳುವನು, ನಾನು ಗುಂಡಿ ಒತ್ತಿ ಹೊಡೆಯುವೆನು. ಅವನು ಹೇಳಿದ್ದೇ ನನಗೆ ಕಥೆ.

ಕಳೆದ ರವಿವಾರ ಬೆಳಿಗ್ಗೆ ರಾಮದುರ್ಗದ ಅಭಿಜಿತ ನನ್ನನ್ನು ಕರೆದಿದ್ದ. ಕನ್ನಡದಲ್ಲಿ ಆಟಗಳ ಬಗ್ಗೆ ಮಾತಾಡುವ ಚಾನೆಲ್ ಅವನದು. ಯಾವ ಭಾಗ ಶ್ರೇಷ್ಠ ಎಂದು ನೇರಪ್ರಸಾರದಲ್ಲಿ ವಾದ. ಅವನದು ಆರನೆಯದು, ನನ್ನದು ನಾಲ್ಕನೆಯದು. ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ.

ಶುರುವಿಗೆ ನಾನೇ ಮೇಲುಗೈ. ಒಂದನೆಯದು ಚಿಕ್ಕದಾದರೂ ಚೊಕ್ಕ, ಎರಡನೆಯದರ ಹೊಡೆತ ಮೈಗೇ ತಾಗುತ್ತದೆ, ಮೂರನೆಯದರಲ್ಲಿ ಮೀನು ಹಿಡಿಸಿ ಹಿಡಿಸಿ ಬೇಸರ ತರಿಸುತ್ತಾರೆ, ಐದನೆಯದನ್ನು ಎಳೆದೂ ಎಳೆದೂ ಹಿಂಜಿದ್ದಾರೆ. ಆರನೆಯದರ ರೇಷನ್ ಪಾಳಿಯ ಮಾತಿಗೆ ಅಭಿಜಿತನೇ ನಕ್ಕ. ಕೊನೆಗೆ ನಾಲ್ಕನೆಯದಕ್ಕೆ ಬಂದೆ. ಇಸಾಮುವನ್ನು ಸಾಕಿದ ಶಾವಿಗೆ ಅಂಗಡಿಯ ಮುದುಕಿ ಫುಮಿಗೆ ಜ್ವರ ಬಂದು ವಾಸಿಯಾಗುತ್ತದೆ. ಉತ್ತರದ ಕಡಲಿನ ಊರಿಗೆ, ತಂಗಿಯ ಮನೆಗೆ, ಅವನಿಗೆ ಬುತ್ತಿ ಕಟ್ಟಿಟ್ಟು ಮುಂದಾಗಿ ಹೋಗುತ್ತಾಳೆ. ಇಸಾಮು ಹಿಂದಿನಿಂದ ರೈಲಿನಲ್ಲಿ ಹೊರಡುತ್ತಾನೆ, ತೊಡೆಯ ಮೇಲೆ ಬಿಳಿ ಅರಿವೆಯ ಗಂಟು.

“ನಲವತ್ತು ಮಂದಿ ತಲಿ ಒಡದಾಂವ ಅವ್ವ ಕಟ್ಟಿಕೊಟ್ಟ ಬುತ್ತಿ ಕೆಳಗ ಸೈತ ಇಡಂಗಿಲ್ಲ. ಬಿಚ್ಚಂಗಿಲ್ಲ, ತಿನ್ನಂಗಿಲ್ಲ, ಎರಡೂ ಕೈಲೆ ಹಿಡಕೊಂಡ ಕುಂತಿರ್ತಾನ. ಹೇಳ್ರಿ, ನಿಮ್ಮ ಆರನೇದರಾಗ ಇಂಥಾದ್ದೊಂದರ ಐತಿ?” ಎಂದೆ.

ಅಭಿಜಿತ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. “ಅಣ್ಣಾರ, ಅದು ಬುತ್ತಿ ಅಲ್ರಿ! ಆ ಮುದುಕಿ ಸತ್ತಾಳ. ಸುಟ್ಟ ಮ್ಯಾಲೆ ಎಲುಬು ಡಬ್ಬಿಯೊಳಗ ಹಾಕಿ ಬಿಳಿ ಅರವಿ ಕಟ್ಟತಾರ ಅಲ್ಲಿ. ನೀವು ಯಾವ ಆಟ ಆಡಿದ್ರಿ?”

ನಾನು ಸುಳ್ಳೆಂದೆ. ಅವನು ದೃಶ್ಯ ಹಾಕಿಯೇ ತೋರಿಸಿದ. ವೈದ್ಯ ಮಾತಾಡುವ ಜಾಗದಲ್ಲಿ ಸಾಲನ್ನು ನಿಲ್ಲಿಸಿ ಒಂದೊಂದೇ ಶಬ್ದ ಓದಿಸಿದ. ಕೂಡಿಸಿಕೊಂಡು ಓದಿದೆ. ಸತ್ತಿದ್ದಳು.

ಊಟಕ್ಕೆ ಕರೆದರೂ ನಿಲ್ಲದೆ ಗಾಡಿ ಹತ್ತಿದೆ. ಸವದತ್ತಿಗೆ ಬರುವಷ್ಟರಲ್ಲಿ ಫೋನು. ದೊಡವಾಡದ ದುಂಡಪ್ಪ, ನನ್ನ ಗಿರಾಕಿ, ಕ್ಲಚ್ ಪ್ಲೇಟ್ ಬಿಟ್ಟರೆ ಬೇರೆ ಮಾತಾಡದ ಮನುಷ್ಯ. “ಏನ್ರಿ ಮಾಲಕ್ರ, ಎಲುಬಿಗೆ ಬುತ್ತಿ ಅಂದ್ರಂತ? ನಮ್ಮ ಹುಡುಗುರು ಮೊಬೈಲದಾಗ ನೋಡಿ ನಗಾಕ ಹತ್ಯಾವು.” ಫೋನು ಇಟ್ಟುಬಿಟ್ಟೆ. ನಗಲಿ. ದುಂಡಪ್ಪನ ನಗೆ ನನಗೆ ದೊಡ್ಡದಲ್ಲ. ಇಷ್ಟು ವರ್ಷ ಒಂದೇ ಚಾಪೆಯ ಮೇಲೆ ಕೂತವನು ನನ್ನನ್ನು ಅನಕ್ಷರಸ್ಥನೆಂದು ಆಡಿಸಿದನೇ? ನಾಲ್ಕನೆಯದರಲ್ಲಿ ಇದು ಸುಳ್ಳಾದರೆ ಉಳಿದ ಐದರಲ್ಲಿ ನಿಜವಾದದ್ದು ಎಷ್ಟು? ಅವನ ಗೆಳೆತನದಲ್ಲಿ ಎಷ್ಟು? ಈ ಪ್ರಶ್ನೆಗೆ ಉತ್ತರ ಸಿಗದೆ ನಾನು ಮನೆಗೆ ಹೋಗುವವನಾಗಿರಲಿಲ್ಲ. ಬೈಲಹೊಂಗಲ ಬಂತು, ನನ್ನ ಮನೆಯ ತಿರುವು ಬಂತು, ನಿಲ್ಲಿಸಲಿಲ್ಲ. ನೇರ ಕಿತ್ತೂರಿಗೆ ಹೊಡೆದೆ. ಅನಿಕೇತ ಎರಡು ವರ್ಷದಿಂದ ಅಲ್ಲಿ ಮಾಸ್ತರ. ಕಲಿಸುವುದು ಇಂಗ್ಲಿಷ್, ಇದಕ್ಕಿಂತ ಉರಿಸುವ ಮಾತು ಬೇರೆ ಬೇಕೇ?

ಬಾಗಿಲು ತೆಗೆದದ್ದು ಅವನ ಹೆಂಡತಿ ಭಾವನಾ. “ಬರ್ರಿ ಅಣ್ಣಾ, ಕೂಡ್ರಿ, ಚಹಾ ಮಾಡ್ತೀನಿ” ಎಂದಳು. ನಾನು ಕೂಡಲಿಲ್ಲ.

“ಫುಮಿ ಸತ್ತಾಳಂತಲ್ಲಲೇ!” ಎಂದು ಅಂಗಳಕ್ಕೆ ಕೇಳುವ ಹಾಗೆ ಕೂಗಿದೆ.

ಓದುತ್ತಿದ್ದ ಪೇಪರು ಅನಿಕೇತನ ಕೈಯಿಂದ ಜಾರಿತು. ಯಾವ ಫುಮಿ ಎಂದು ಅವನು ಕೇಳಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

“ಗೊತ್ತಿತ್ತು, ಹೌದಿಲ್ಲೋ? ಮಂದಿ ಮುಂದ ನನ್ನ ಮಾನ ಹರಾಜ ಹಾಕಿದಿ. ಇಂಗ್ಲಿಷ್ ಬರಂಗಿಲ್ಲ ಅಂತ ಮಂಗ್ಯಾ ಮಾಡಿದಿ. ಎಷ್ಟ ನಕ್ಕಿರಬೇಕ ನೀ ಒಳಗ!”

“ನಕ್ಕಿಲ್ಲ.”

“ಮತ್ತ ಯಾಕ ಹೇಳಿದಿ ಸುಳ್ಳ?”

“ಅವತ್ತು ನೀ ಎಲ್ಲಿಂದ ಬಂದಿದ್ದಿ ನೆನಪದ ಏನು?” ಎಂದ. ತಾನೇ ಮುಂದುವರಿಸಿದ. “ಧಾರವಾಡದಿಂದ. ನಿಮ್ಮವ್ವ ತಂಗೆವ್ವನ್ನ ದವಾಖಾನ್ಯಾಗ ಇಟ್ಟಿದ್ರಿ. ಆಕಿಗೆ ಒಯ್ದ ಬುತ್ತಿ ಹಂಗಽ ತಿರುಗಿ ತಂದಿದ್ದಿ, ಒಂದು ತುತ್ತೂ ತಿಂದಿರಲಿಲ್ಲ ಆಕಿ. ಆ ಗಂಟು ಮಗ್ಗಲಾಗ ಇಟ್ಕೊಂಡು ಆಡ್ಲಿಕ್ಕೆ ಕೂತಿ. ಅದಽ ಹೊತ್ತಿಗೆ ಪರದೆ ಮ್ಯಾಲೆ ಆ ಡಬ್ಬಿ ಬಂತು. ‘ಏನಲೇ ಅದು?’ ಅಂತ ಕೇಳಿದಿ. ಏನಂತ ಹೇಳ್ಲಿ? ಕೇಳೋರ ಮನ್ಯಾಗ ಬ್ಯಾನಿ ಇದ್ರ ನಮ್ಮಜ್ಜ ಮರಣದ ಅಧ್ಯಾಯ ಹೇಳ್ತಿರಲಿಲ್ಲ. ಬದಲಿ ಮಾಡಿ ಹೇಳಿ ಮುಂದ ಹೋಗ್ತಿದ್ದ. ನಂಗೂ ಅದಽ ಬಂತು ಬಾಯಿಗೆ.”

ಸಿಟ್ಟು ಇಳಿಯಬೇಕಿತ್ತು. ಇಳಿಯಲಿಲ್ಲ. “ಅವ್ವ ಹ್ವಾದ ಮ್ಯಾಲರ ಹೇಳಬೇಕಿತ್ತಿಲ್ಲೋ? ಹನ್ನೆರಡ ವರ್ಷ ಬಾಯಾಗ ಏನ ಇಟ್ಕೊಂಡಿದ್ದಿ?”

“ಯಾವಾಗ ಹೇಳ್ಲೋ? ದಿನಕರ್ಮ ಮುಗಿದ ಮಾರನೇ ದಿನ ನೀನಽ ಬಂದು ಹೇಳಿದಿ, ಫುಮಿ ಅಲ್ಲೆ ತಂಗಿ ಮನ್ಯಾಗ ಆರಾಮ ಇರ್ತಾಳ ಅಂತ ನೆನಸಿದ್ರ ನಿದ್ದಿ ಬರ್ತದ ಅಂತ. ಆಮ್ಯಾಲೆ ನನಗ ಬಾಯಿ ಬರಲಿಲ್ಲ.”

ನಾನು ಹಾಗೆ ಹೇಳಿದ್ದು ನನಗೇ ಮರೆತಿತ್ತು. ಮರೆತದ್ದನ್ನು ಇವನು ಇಟ್ಟುಕೊಂಡಿದ್ದಾನಲ್ಲ ಎಂದು ಅದಕ್ಕೂ ಸಿಟ್ಟು ಬಂತು. ಅವ್ವ ನನ್ನವಳು. ಅವಳ ಸಾವನ್ನು ನನಗೆ ಎಷ್ಟು ಹೇಳಬೇಕು, ಎಷ್ಟು ಮುಚ್ಚಬೇಕು ಎಂದು ಅಳೆಯಲು ಇವನು ಯಾರು?

“ಹಚ್ಚು ನಾಲ್ಕನೇದು,” ಎಂದೆ. “ಈಗ ಬರದದ್ದು ಬರದಂಗ ಓದು. ಒಂದ ಅಕ್ಷರ ಬಿಟ್ಟರ ನೋಡು.”

ಅವನು ಕೊನೆಯ ಅಧ್ಯಾಯ ಹಚ್ಚಿದ. ಚಾಪೆಯ ಮೇಲೆ ಅವನ ಮಗ್ಗುಲಲ್ಲೇ ಕೂತೆ, ಬೇರೆ ಜಾಗವಿರಲಿಲ್ಲ. ಅನಿಕೇತ ಓದಿದ. ವೈದ್ಯನ ಮಾತು ಓದಿದ. ಅಂಗಡಿಯ ಕೀಲಿ ಇಸಾಮುವಿನ ಕೈಗೆ ಕೊಟ್ಟು ಫುಮಿ ಕಣ್ಣು ಮುಚ್ಚಿದ್ದನ್ನು ಓದಿದ. ನಾನು ಹಲ್ಲು ಕಚ್ಚಿಕೊಂಡು ಕೇಳಿದೆ. ಭಾವನಾ ತಂದಿಟ್ಟ ಚಹಾ ಕೆನೆಗಟ್ಟಿತು.

ರೈಲು ಬಂತು. ಇಸಾಮು ಬಿಳಿ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಎರಡು ಶಬ್ದ ಆಡಿದ. ಅನಿಕೇತ ಓದಲಿಲ್ಲ.

“ಓದು.”

“ಬ್ಯಾಡೋ.”

“ಓದಲೇ!”

“‘ಎಷ್ಟು ಹಗುರ,’ ಅಂತಾನ.”

ಹನ್ನೆರಡು ವರ್ಷದ ಹಿಂದೆ ಆಟದ ಇದೇ ಜಾಗದಲ್ಲಿ ಅವನು ಹೇಳಿದ್ದು ನನಗೆ ಚೆನ್ನಾಗಿ ನೆನಪಿತ್ತು. ಭಾರ ಅದ ಅಂತಾನ, ಅವ್ವ ಬಾಳ ಕಟ್ಟ್ಯಾಳಂತ, ಎಂದಿದ್ದ. ನನ್ನ ಪಕ್ಕದಲ್ಲಿ ತಿನ್ನದೆ ಉಳಿದ ಬುತ್ತಿ ಇತ್ತು, ಅದೂ ಭಾರವೇ ಇತ್ತು. ಅದಾಗಿ ಒಂಬತ್ತನೇ ದಿನಕ್ಕೆ ತೀರಿಕೊಂಡ ಅವ್ವನನ್ನು ಮಂಚದಿಂದ ಎತ್ತಿ ಗಾಡಿಯಲ್ಲಿ ಮಲಗಿಸಿದವನು ನಾನು. ಜೋಳದ ಚೀಲ ಎತ್ತಿ ರೂಢಿಯಾದ ಕೈಗಳು, ಎತ್ತಿದ್ದೇ ಗೊತ್ತಾಗಲಿಲ್ಲ. ಅದನ್ನು ನಾನು ಇವತ್ತಿನತನಕ ಯಾರಿಗೂ ಹೇಳಿರಲಿಲ್ಲ, ಅನಿಕೇತನಿಗೂ ಹೇಳಿರಲಿಲ್ಲ.

ಪರದೆಯ ಮೇಲೆ ರೈಲು ನಿಂತೇ ಇತ್ತು. ಅನಿಕೇತ ಗುಂಡಿ ಒತ್ತದೆ ನನ್ನ ಮುಖ ನೋಡುತ್ತಿದ್ದ. ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಇನ್ನೂ ಇತ್ತು.

“ಭಾರ ಅಂತನ ಹೇಳು,” ಎಂದೆ.